ಮರೆವಿನ ಪರೀಕ್ಷೆಗೆ ಹಿರಿಯರನ್ನು ಕರೆದುಕೊಂಡು ಹೋಗುವ ಮುಂಚೆ: ಭಾಷೆ, ಓದು, ಅಂಕಗಳ ಲೆಕ್ಕ

"ಅಪ್ಪನಿಗೆ 30ಕ್ಕೆ 21 ಬಂದಿದೆ. ಡಿಮೆನ್ಷಿಯಾ ಅಂತಾನೇ ಅರ್ಥವಾ?" ಮೆಮೊರಿ ಕ್ಲಿನಿಕ್ಕಿಗೆ ಹೋಗಿ ಬಂದ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ಇದು. ಡಿಮೆನ್ಷಿಯಾ ಎಂದರೆ ನೆನಪು, ಯೋಚನಾಶಕ್ತಿ ಕುಂದುವ ಕಾಯಿಲೆ. ಉತ್ತರ ಹೇಳಬೇಕಾದರೆ ಯಾವ ಪರೀಕ್ಷೆ ಮಾಡಿದರು, ಯಾವ ಭಾಷೆಯಲ್ಲಿ ಮಾಡಿದರು, ಅಪ್ಪ ಎಷ್ಟನೇ ಕ್ಲಾಸಿನವರೆಗೆ ಓದಿದ್ದಾರೆ ಎಂಬುದು ಗೊತ್ತಿರಬೇಕು. ಇವು ಗೊತ್ತಿಲ್ಲದಿದ್ದರೆ 21 ಎಂಬ ಅಂಕಕ್ಕೆ ಅರ್ಥವೇ ಇಲ್ಲ.

ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಾದ ಮರೆವಿನ ಪರೀಕ್ಷೆ ಎಂಎಂಎಸ್‌ಇ (ಮಿನಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಷನ್). 1975ರಲ್ಲಿ ಅಮೆರಿಕದಲ್ಲಿ ರೂಪುಗೊಂಡಿದ್ದು, ಒಟ್ಟು 30 ಅಂಕ. 24ಕ್ಕಿಂತ ಕಡಿಮೆ ಬಂದರೆ ಅನುಮಾನ ಪಡುವುದು ವಾಡಿಕೆ. ಆದರೆ 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದೇ ಪರೀಕ್ಷೆಯನ್ನು ಅಮೆರಿಕದ 18,056 ಮಂದಿಗೆ ಕೊಟ್ಟು ನೋಡಿದ್ದರು. ಅವರು ಆಸ್ಪತ್ರೆಗೆ ಬಂದ ರೋಗಿಗಳಲ್ಲ, ಊರಲ್ಲಿ ಓಡಾಡಿಕೊಂಡಿದ್ದ ಸಾಮಾನ್ಯ ಜನ. ಒಂಬತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಾಲೆ ಕಲಿತವರ ನಡುಮಟ್ಟದ ಅಂಕ 29 ಇತ್ತು. ಐದರಿಂದ ಎಂಟು ವರ್ಷ ಕಲಿತವರದು 26, ನಾಲ್ಕು ವರ್ಷ ಅಥವಾ ಅದಕ್ಕಿಂತ ಕಡಿಮೆ ಕಲಿತವರದು 22. ಅಂದರೆ ಪರೀಕ್ಷೆ ಹುಟ್ಟಿದ ದೇಶದಲ್ಲೇ, ನಾಲ್ಕು ವರ್ಷಕ್ಕಿಂತ ಹೆಚ್ಚು ಶಾಲೆ ಕಾಣದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ 24ರ ಗೆರೆಯ ಕೆಳಗೆ ಬಿದ್ದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಕ್ಕೆ ಹೋದ ನಮ್ಮ ಹಾವೇರಿ, ಮಂಡ್ಯದ ಅಜ್ಜಿಯರನ್ನು ಅದೇ ಗೆರೆಯಿಂದ ಅಳೆದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇದರ ಇನ್ನೊಂದು ಮಗ್ಗುಲನ್ನು ಜನ ಗಮನಿಸುವುದೇ ಇಲ್ಲ. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು 28 ತೆಗೆದುಕೊಂಡು "ನಾರ್ಮಲ್" ಎಂಬ ಚೀಟಿ ಹಿಡಿದು ಬರುತ್ತಾರೆ. ಅವರ ಹೆಂಡತಿಗೆ ಮಾತ್ರ ಗೊತ್ತು, ಮೊದಲು ಬೆರಳ ತುದಿಯಲ್ಲಿದ್ದ ಮನೆ ಲೆಕ್ಕ ಈಗ ತಪ್ಪುತ್ತಿದೆ ಎಂದು. ಓದಿದವರ ಕಾಯಿಲೆಯನ್ನು ಮರೆಮಾಚುವುದು, ಓದದವರಿಗೆ ಇಲ್ಲದ ಕಾಯಿಲೆ ಅಂಟಿಸುವುದು, ಎರಡೂ ಅನ್ಯಾಯವೇ. ಹಾಗಾಗಿ ಹಿರಿಯರನ್ನು ಅಮೆರಿಕದ ಯಾರೋ ಒಬ್ಬರ ಜೊತೆ ಹೋಲಿಸುವ ಬದಲು, ಎರಡು ವರ್ಷದ ಹಿಂದಿನ ಅವರ ಜೊತೆಗೇ ಹೋಲಿಸಿ ನೋಡಲು ವೈದ್ಯರಿಗೆ ಬೇಕಾದ ಸಾಮಗ್ರಿ ಒದಗಿಸುವುದು ಮನೆಯವರ ಕೆಲಸ.

1. ಹೋಗುವ ಮುಂಚೆ ಒಂದು ಹಾಳೆ ಬರೆಯಿರಿ

ಹಾಳೆಯ ಮೇಲ್ಭಾಗದಲ್ಲಿ ಭಾಷೆಯ ವಿವರ ಇರಲಿ. "ಮಾತೃಭಾಷೆ ಕನ್ನಡ" ಎಂದಷ್ಟೇ ಬರೆದರೆ ಸಾಲದು. ಮಂಗಳೂರಿನ ಒಬ್ಬ ಹಿರಿಯರು ಮನೆಯಲ್ಲಿ ತುಳು ಅಥವಾ ಕೊಂಕಣಿ ಆಡುತ್ತಾರೆ, ಶಾಲೆಯಲ್ಲಿ ಕನ್ನಡ ಕಲಿತಿದ್ದಾರೆ, ಮುಂಬೈ ಹೋಟೆಲಿನಲ್ಲಿ ಮೂವತ್ತು ವರ್ಷ ಹಿಂದಿ, ಮರಾಠಿಯಲ್ಲಿ ವ್ಯವಹರಿಸಿದ್ದಾರೆ. ಬೀದರ್, ಕಲಬುರಗಿಯ ಅನೇಕ ಮನೆಗಳಲ್ಲಿ ದಖನಿ ಉರ್ದು, ಕೋಲಾರದ ಕಡೆ ತೆಲುಗು, ಮಡಿಕೇರಿಯಲ್ಲಿ ಕೊಡವ ತಕ್ಕ್. ಆದ್ದರಿಂದ ಬಿಡಿಬಿಡಿಯಾಗಿ ಬರೆಯಿರಿ: ಮನೆಯ ಮಾತು ಯಾವುದು, ಶಾಲೆಯ ಮಾಧ್ಯಮ ಯಾವುದು, ದುಡ್ಡು ಎಣಿಸುವಾಗ ಬಾಯಲ್ಲಿ ಯಾವ ಭಾಷೆ ಬರುತ್ತದೆ, ಈಗ ದಿನವಿಡೀ ಯಾವುದನ್ನು ಹೆಚ್ಚು ಆಡುತ್ತಾರೆ. ಎಣಿಸುವ ಭಾಷೆ ಮುಖ್ಯ. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎನ್ನುವ ಪ್ರಶ್ನೆ ಹಲವು ಪರೀಕ್ಷೆಗಳಲ್ಲಿದೆ, ಮಗ್ಗಿ ಕಲಿತ ಭಾಷೆ ಬಿಟ್ಟು ಬೇರೆಯದರಲ್ಲಿ ಕೇಳಿದರೆ ಚುರುಕಾದವರೂ ತಡವರಿಸುತ್ತಾರೆ.

ಓದಿನ ವಿಷಯದಲ್ಲಿ ಮರ್ಯಾದೆಗೆ ಅಂಜಿ ಹೆಚ್ಚು ಕಡಿಮೆ ಹೇಳಬೇಡಿ. "ಏಳನೇ ಕ್ಲಾಸು" ಎಂಬುದಕ್ಕಿಂತ "ಮುಲ್ಕಿ ಪಾಸು, ಆಮೇಲೆ ನಲವತ್ತು ವರ್ಷ ಅಂಗಡಿ ಖಾತೆ ಬರೆದವರು, ದಿನಾ ಪೇಪರ್ ಓದುತ್ತಾರೆ" ಎಂಬುದು ಹೆಚ್ಚು ಹೇಳುತ್ತದೆ. ಹಾಗೆಯೇ "ಐದನೇ ಕ್ಲಾಸು ಓದಿದ್ದಾರೆ, ಆದರೆ ಸಹಿ ಬಿಟ್ಟು ಏನೂ ಬರೆಯಲ್ಲ" ಎಂಬುದನ್ನೂ ಹೇಳಿ.

ಹಾಳೆಯ ಕೆಳಭಾಗ ಬದಲಾವಣೆಗೆ. ಇಲ್ಲಿ "ಮರೆವು ಜಾಸ್ತಿಯಾಗಿದೆ" ಎಂದು ಬರೆದರೆ ವೈದ್ಯರಿಗೆ ಪ್ರಯೋಜನವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯಿರಿ. "ಯುಗಾದಿಯಿಂದ ಈಚೆಗೆ ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾರೆ." "ಸೊಸೈಟಿಯಿಂದ ಮನೆಗೆ ಬರುವ ದಾರಿ ಒಮ್ಮೆ ತಪ್ಪಿತು." "ಮೊಮ್ಮಗಳ ಹೆಸರು ಬಾಯಿಗೆ ಬರದೆ 'ಆ ಹುಡುಗಿ' ಅನ್ನುತ್ತಾರೆ." ಯಾವಾಗ ಶುರುವಾಯಿತು, ಒಮ್ಮೆಲೇ ಆಯಿತೋ ನಿಧಾನವಾಗಿಯೋ, ಅದನ್ನೂ ಸೇರಿಸಿ. ಹಬ್ಬ, ಮದುವೆ, ಸುಗ್ಗಿಯ ಲೆಕ್ಕದಲ್ಲಿ ಹೇಳಿದರೂ ಸರಿ.

ಕೊನೆಗೆ ಔಷಧಿಗಳ ಪಟ್ಟಿ. ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆ, ಮೂತ್ರದ ತೊಂದರೆಗೆ ಕೊಡುವ ಕೆಲವು ಮಾತ್ರೆಗಳು ತಲೆ ಮಂಕು ಮಾಡಬಹುದು. ಬಿ12 ಕೊರತೆ (ಸಸ್ಯಾಹಾರಿ ಮನೆಗಳಲ್ಲಿ ಅಪರೂಪವಲ್ಲ), ಥೈರಾಯ್ಡ್, ಖಿನ್ನತೆ, ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಇವೆಲ್ಲ ಮರೆವಿನ ವೇಷ ಹಾಕಿಕೊಂಡು ಬರುತ್ತವೆ, ಚಿಕಿತ್ಸೆಗೂ ಬಗ್ಗುತ್ತವೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಪಟ್ಟಿ ತೋರಿಸಿ.

2. ಪರೀಕ್ಷೆ ಮಾಡುವವರನ್ನು ಇಷ್ಟು ಕೇಳಿ

ಕೇಳಲು ಸಂಕೋಚ ಬೇಡ, ಒಳ್ಳೆಯ ಕ್ಲಿನಿಕ್ಕಿನವರು ಇಂಥ ಪ್ರಶ್ನೆಯಿಂದ ಬೇಸರಿಸುವುದಿಲ್ಲ. "ಯಾವ ಪರೀಕ್ಷೆ ಮಾಡ್ತೀರಿ? ಅದರ ಕನ್ನಡ ಆವೃತ್ತಿ ಇದೆಯಾ, ಇಲ್ಲಾ ಇಂಗ್ಲಿಷ್ ಹಾಳೆ ನೋಡಿಕೊಂಡು ಬಾಯಲ್ಲಿ ಕನ್ನಡಕ್ಕೆ ತಿರುಗಿಸಿ ಕೇಳ್ತೀರಾ? ಇವರಷ್ಟು ಓದಿದವರಿಗೆ ಬೇರೆ ಗೆರೆ ಇದೆಯಾ?"

ಎರಡನೆಯ ಪ್ರಶ್ನೆಗೆ ಕಾರಣವಿದೆ. ಎಂಎಂಎಸ್‌ಇಯ ಇಂಗ್ಲಿಷ್ ಮೂಲದಲ್ಲಿ ಪುನರುಚ್ಚರಿಸಬೇಕಾದ ಒಂದು ವಾಕ್ಯ ಪೂರ್ತಿ ಇಫ್, ಆಂಡ್, ಬಟ್‌ನಂಥ ಸಣ್ಣ ಸಣ್ಣ ಜೋಡಣೆಯ ಪದಗಳಿಂದಲೇ ಆಗಿದೆ, ಅದರ ಕಷ್ಟ ಇರುವುದೇ ಅಲ್ಲಿ. ಅದನ್ನು ಅರ್ಥ ಹಿಡಿದು ಕನ್ನಡಕ್ಕೆ ತಂದರೆ ಸಲೀಸಾದ ಒಂದು ಮಾತಾಗಬಹುದು ಅಥವಾ ಯಾರೂ ಆಡದ ಗೊಂದಲದ ವಾಕ್ಯವಾಗಬಹುದು. ಎರಡೂ ಅಳೆಯಬೇಕಾದ್ದನ್ನು ಅಳೆಯುವುದಿಲ್ಲ. ಹರಿಯಾಣದ ಬಲ್ಲಬ್‌ಗಢದ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಹಿಂದಿ ಆವೃತ್ತಿ ಮಾಡಿದವರು ಇದನ್ನು ಅರಿತಿದ್ದರು. ಆ ವಾಕ್ಯದ ಜಾಗದಲ್ಲಿ 'ಇದೂ ಅಲ್ಲ, ಅದೂ ಅಲ್ಲ' ಎಂಬಂಥ ಆಡುಮಾತು ಇಟ್ಟರು. 'ಕಣ್ಣು ಮುಚ್ಚಿ' ಎಂದು ಬರೆದದ್ದನ್ನು ಓದಿ ಅದರಂತೆ ಮಾಡಿ ಎಂಬ ಪ್ರಶ್ನೆಯ ಬದಲು 'ನನ್ನ ಮುಖ ನೋಡಿ, ನಾನು ಮಾಡಿದ ಹಾಗೆ ಮಾಡಿ' ಎಂದರು. ಒಂದು ವಾಕ್ಯ ಬರೆಯಿರಿ ಎನ್ನುವ ಕಡೆ ನಿಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಿ ಎಂದರು. ಭಾಷಾಂತರಕ್ಕೂ ಹೊಂದಿಸುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಅದರಿಂದ ಎಷ್ಟೋ ಅಜ್ಜ ಅಜ್ಜಿಯರ ಅಂಕ ಉಳಿಯುತ್ತದೆ.

ನಮ್ಮಲ್ಲೂ ಈಗ ಆಯ್ಕೆಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ನಿಮ್ಹಾನ್ಸ್ ಸೇರಿದಂತೆ ಹಲವು ಸಂಸ್ಥೆಗಳ ಜೊತೆ ಸೇರಿ ಕನ್ನಡ, ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಭಾಷೆಗಳಿಗೆ ಒಂದು ಪರೀಕ್ಷಾ ಸಂಚಿ ರೂಪಿಸಿದೆ. ಅದರಲ್ಲಿ ಓದು ಬಲ್ಲವರಿಗೂ ಬಾರದವರಿಗೂ ಬೇರೆ ಬೇರೆ ರೂಪಗಳಿವೆ. ಅಡೆನ್‌ಬ್ರೂಕ್ಸ್ ಎಂಬ ಮರೆವಿನ ಪರೀಕ್ಷೆಯ ಕನ್ನಡ ರೂಪವೂ ಬಳಕೆಯಲ್ಲಿದೆ. 'ಮೋಕಾ' ಎಂಬ ಇನ್ನೊಂದು ಪರೀಕ್ಷೆಯಲ್ಲಿ ಹನ್ನೆರಡು ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸುವ ನಿಯಮವಿದೆ. ಪಿಯುಸಿ ಮಾಡಿದವರಿಗೂ ಶಾಲೆಯ ಮೆಟ್ಟಿಲು ಹತ್ತದವರಿಗೂ ಅದೇ ಒಂದು ಅಂಕ. ನನ್ನ ಪ್ರಕಾರ ಅದು ಪರಿಹಾರವಲ್ಲ, ಸಮಾಧಾನ. ಕಡಿಮೆ ಓದಿದವರಿಗೆಂದೇ 'ಮೋಕಾ ಬೇಸಿಕ್' ಇದೆ, ಅದನ್ನು ಕೇಳಿ.

3. ಪರೀಕ್ಷೆಯ ದಿನ

ಕನ್ನಡಕ, ಹಿಯರಿಂಗ್ ಏಡ್, ಹಲ್ಲಿನ ಸೆಟ್ಟು. ಇವು ಮೂರು ಇಲ್ಲದೆ ಮನೆ ಬಿಡಬೇಡಿ. ಕಿವಿ ಮಂದವಾದವರಿಗೆ ಮಾಸ್ಕ್ ಹಾಕಿಕೊಂಡು ಐದು ಪದ ಹೇಳಿ, ಆಮೇಲೆ ನೆನಪಿಲ್ಲ ಎಂದು ಅಂಕ ಕತ್ತರಿಸುವುದು ಈಗಲೂ ನಡೆಯುತ್ತದೆ. ತಿಂಡಿ, ಕಾಫಿ, ಮಾತ್ರೆ ಎಲ್ಲ ಮುಗಿಸಿ, ಅವರು ಚುರುಕಾಗಿರುವ ಹೊತ್ತಿಗೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ರಾತ್ರಿ ಬಸ್ಸಿನಲ್ಲಿ ರಾಯಚೂರಿನಿಂದ ಬಂದು ಬೆಳಗ್ಗೆಯೇ ಪರೀಕ್ಷೆಗೆ ಕೂರಿಸಬೇಡಿ.

'ಪರೀಕ್ಷೆ' ಎಂಬ ಮಾತೇ ಎತ್ತದಿರುವುದು ಒಳ್ಳೆಯದು. ಶಾಲೆಗೆ ಹೋಗದವರು ಆ ಮಾತು ಕೇಳಿದರೆ "ನಂಗೇನ್ ಗೊತ್ತಾಗುತ್ತಪ್ಪಾ, ನಾನೇನು ಓದಿದೀನಾ" ಎಂದು ಬಾಗಿಲಲ್ಲೇ ಸೋಲು ಒಪ್ಪಿಕೊಳ್ಳುತ್ತಾರೆ. ಹಾಗಂತ ಸುಳ್ಳು ಹೇಳಿ ಕರೆದೊಯ್ಯಲೂ ಬೇಡಿ. "ನೆನಪು ಹೇಗಿದೆ ಅಂತ ಡಾಕ್ಟ್ರು ಒಂದಷ್ಟು ಕೇಳ್ತಾರೆ, ಕೆಲವು ಸುಲಭ ಇರ್ತವೆ, ಕೆಲವು ಯಾರಿಗೂ ಬರಲ್ಲ" ಎಂದರೆ ಸಾಕು. ಪ್ರಶ್ನೆಗಳನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ ಮನೆಯಲ್ಲಿ ಉರು ಹೊಡೆಸುವುದಂತೂ ಬೇಡವೇ ಬೇಡ. ಕಾಯಿಲೆ ಇದ್ದರೆ ಆರು ತಿಂಗಳು ತಡವಾಗಿ ಗೊತ್ತಾಗುತ್ತದೆ, ಅಷ್ಟೇ ಲಾಭ.

ಒಳಗೆ ನಿಮ್ಮನ್ನೂ ಕೂರಲು ಬಿಟ್ಟರೆ ಹಿರಿಯರ ಹಿಂದೆ ಕುಳಿತುಕೊಳ್ಳಿ. ಎದುರು ಕೂತರೆ ಅಮ್ಮ ಪ್ರತಿ ಉತ್ತರಕ್ಕೂ ಮಗನ ಮುಖ ನೋಡುತ್ತಾಳೆ, ಮಗನ ತುಟಿ ತಾನಾಗಿಯೇ ಅಲ್ಲಾಡುತ್ತದೆ.

4. ಯಾವ ತಪ್ಪು ತಪ್ಪಲ್ಲ, ಯಾವುದು ನಿಜವಾಗಿ ತಪ್ಪು

ಹೆಚ್ಚಿನ ಅನ್ಯಾಯ ಆಗುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಂತು ನೋಡೋಣ.

ತಾರೀಖು. ಆಗಸ್ಟ್ ಕೊನೆಯ ವಾರದಲ್ಲಿ "ಈಗ ಯಾವ ತಿಂಗಳು?" ಎಂದರೆ ರೈತರೊಬ್ಬರು "ಮಘೆ ಮಳೆ ನಡೀತಿದೆ" ಎನ್ನಬಹುದು. ಆಗಸ್ಟ್ ಮೊದಲ ವಾರದಲ್ಲಿ ತುಳುನಾಡಿನ ಅಜ್ಜಿ "ಆಟಿ" ಎನ್ನಬಹುದು. ಎರಡೂ ಸರಿಯುತ್ತರ, ಕಾಲದ ಅರಿವು ಗಟ್ಟಿಯಾಗಿದೆ ಎಂಬುದಕ್ಕೆ ಸಾಕ್ಷಿ. ಪರೀಕ್ಷಕರು ಪಟ್ಟಣದವರಾಗಿದ್ದರೆ ಇದು ಹೊಳೆಯದೆ ಹೋಗಬಹುದು. ಆ ಉತ್ತರವನ್ನು ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಲು ಕೇಳಿ, ಹೊರಗೆ ಬಂದ ಮೇಲೆ ನೀವು ವಿವರಿಸಿ. ಆದರೆ ಪಂಚಾಂಗ ನೋಡುತ್ತಿದ್ದ ಮನುಷ್ಯ ಸುಗ್ಗಿಯ ಕಾಲದಲ್ಲಿ "ಆರಿದ್ರಾ ಮಳೆ" ಎಂದರೆ ಅದು ಅಸಡ್ಡೆ ಮಾಡುವ ವಿಷಯವಲ್ಲ.

ಹೆಸರು. ಹಳೆಯ ತಲೆಮಾರಿನ ಅನೇಕ ಹೆಂಗಸರು ಗಂಡನ ಹೆಸರು ಬಾಯಿ ಬಿಟ್ಟು ಹೇಳುವುದಿಲ್ಲ. ಮದುವೆ ಮನೆಯಲ್ಲಿ ಒಡಪು ಕಟ್ಟಿ ಹೇಳಿಯಾರು, ಅಪರಿಚಿತ ಡಾಕ್ಟರ ಮುಂದೆ ತಲೆ ತಗ್ಗಿಸಿ ಸುಮ್ಮನಾಗುತ್ತಾರೆ. ಮರೆತು ಸುಮ್ಮನಾದದ್ದಲ್ಲ. ಮಕ್ಕಳ ಹೆಸರು, ತವರಿನ ಊರು ಕೇಳಿದರೆ ಗೊತ್ತಾಗುತ್ತದೆ.

ಚಿತ್ರ ನೋಡಿ ಹೆಸರು ಹೇಳುವುದು. ಬಾಸ್ಟನ್ ನೇಮಿಂಗ್ ಟೆಸ್ಟಿನ ಅರವತ್ತು ಚಿತ್ರಗಳಲ್ಲಿ ಬೀವರ್, ಪ್ರೆಟ್ಜೆಲ್, ಆಸ್ಪರಾಗಸ್ ಎಲ್ಲ ಬರುತ್ತವೆ. ಮೋಕಾದಲ್ಲಿ ಘೇಂಡಾಮೃಗ ಇದೆ. ಮೃಗಾಲಯ ಕಾಣದವರು, ಪುಸ್ತಕ ಹಿಡಿಯದವರು "ಗೊತ್ತಿಲ್ಲ" ಎಂದರೆ ಅದು ಕಳೆದುಕೊಂಡದ್ದಲ್ಲ, ಎಂದೂ ಇಲ್ಲದ್ದು. ಅದೇ ಅಜ್ಜಿಯ ಮುಂದೆ ಈಳಿಗೆಮಣೆ ಇಡಿ. ಈಳಿಗೆ ಎಂದರೂ ಸರಿ, ಮೆಟ್ಟುಗತ್ತಿ ಎಂದರೂ ಸರಿ, ಊರಿಗೊಂದು ಮಾತು. ಆದರೆ ಐವತ್ತು ವರ್ಷ ಅದರ ಮೇಲೆ ಕೂತು ತರಕಾರಿ ಹೆಚ್ಚಿದವರು ಅದನ್ನು ನೋಡಿ "ಅದೇ... ಅದು... ಹೆಚ್ಚೋದು" ಎಂದು ತಡಕಾಡಿದರೆ, ದಿನದಲ್ಲಿ ಹತ್ತು ಕಡೆ ಹೀಗೇ ಆಗುತ್ತಿದ್ದರೆ, ಅದು ವೈದ್ಯರು ಕೇಳಲೇಬೇಕಾದ ಸುದ್ದಿ. ಘೇಂಡಾಮೃಗಕ್ಕಿಂತ ನೂರು ಪಾಲು ನಂಬಬಹುದಾದ ಸಾಕ್ಷ್ಯ.

ಒಂದು ನಿಮಿಷದಲ್ಲಿ ಎಷ್ಟು ಪದ. "ಪ್ರಾಣಿಗಳ ಹೆಸರು ಹೇಳ್ತಾ ಹೋಗಿ" ಎಂಬುದು ತಕ್ಕಮಟ್ಟಿಗೆ ನ್ಯಾಯವಾದ ಪ್ರಶ್ನೆ. ಹಲವು ಭಾಷೆಯವರು ನಡುವೆ ಪುಚ್ಚೆ, ಪಿಲಿ ಎಂದು ತುಳುವಿಗೆ ಜಾರಿದರೆ ಅವನ್ನೂ ಎಣಿಸಬೇಕು, "ಯಾವ ಭಾಷೆಯಲ್ಲಾದರೂ ಹೇಳಬಹುದೇ?" ಎಂದು ಮೊದಲೇ ಕೇಳಿಬಿಡಿ. ಎರಡು ಮೂರು ಭಾಷೆ ಬಲ್ಲವರು ಒಂದೇ ಭಾಷೆಯಲ್ಲಿ ಈ ಆಟ ಆಡುವಾಗ ಏಕಭಾಷಿಕರಿಗಿಂತ ತುಸು ಹಿಂದೆ ಬೀಳುವುದು ಆರೋಗ್ಯವಂತರಲ್ಲೂ ಇದೆ. ಅಕ್ಷರ ಕೊಟ್ಟು ಪದ ಕೇಳುವುದು ಇನ್ನೂ ತಕರಾರಿನದು. ಇಂಗ್ಲಿಷಿನಲ್ಲಿ ಎಫ್, ಎ, ಎಸ್ ಎಂದು ಕೇಳುತ್ತಾರೆ. ಕನ್ನಡದಲ್ಲಿ 'ಪ' ಕೊಟ್ಟರೆ ಪಾತ್ರೆ, ಪಿಳ್ಳೆ ಸೇರುತ್ತವೆಯೋ ಇಲ್ಲವೋ? ಬರೆಯಲು ಬಾರದವರಿಗೆ ಅಕ್ಷರವೆಂಬುದೇ ಒಂದು ಊಹೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ 'ಹಾಲು' ಬಾಯಲ್ಲಿ 'ಆಲು' ಆಗುತ್ತದೆ, ಅಲ್ಲಿನವರು 'ಆ' ಕಾರಕ್ಕೆ ಆಲು, ಆವು ಎಂದರೆ ತಪ್ಪು ಹಾಕುತ್ತೀರಾ? ಹಾಕುವವರಿದ್ದಾರೆ.

ಚಿತ್ರ ಬರೆಯುವುದು, ಗಡಿಯಾರ ಬಿಡಿಸುವುದು. ಇವು ಭಾಷೆಯ ಪ್ರಶ್ನೆಗಳಲ್ಲ ಎಂದು ತೋರಿದರೂ ಪೆನ್ಸಿಲ್ ಹಿಡಿದು ಅಭ್ಯಾಸವಿಲ್ಲದ ಕೈಗೆ ಹೊಸ ಭಾಷೆಯೇ. ಹದಿನೈದು ಚುಕ್ಕಿಯ ರಂಗೋಲಿ ತಪ್ಪಿಲ್ಲದೆ ಇಡುವ ಕೈ ಪಂಚಕೋನದ ಮುಂದೆ ನಡುಗಬಹುದು. ರಂಗೋಲಿಯೇ ತಪ್ಪತೊಡಗಿದ್ದರೆ ಅದನ್ನು ನಿಮ್ಮ ಹಾಳೆಯಲ್ಲಿ ಬರೆಯಿರಿ.

5. ಅಂಕ ಕೈಗೆ ಬಂದ ಮೇಲೆ

ಒಂದೇ ಅಂಕದ ಮೇಲೆ ರೋಗನಿರ್ಣಯ ಆಗುವುದಿಲ್ಲ, ಆಗಬಾರದು. ಮನೆಯವರನ್ನು ಕೇಳಿ ತುಂಬುವ ಪ್ರಶ್ನಾವಳಿಗಳು ಇರುವುದು ಇದಕ್ಕೇ. ಐಕ್ಯೂಕೋಡ್ ಎಂಬುದು ಹತ್ತು ವರ್ಷದ ಹಿಂದಕ್ಕೆ ಹೋಲಿಸಿ ಈಗ ಹೇಗಿದ್ದಾರೆ ಎಂದು ಕೇಳುತ್ತದೆ, ಓದಿದವರಿಗೂ ಓದದವರಿಗೂ ಒಂದೇ ಅಳತೆ. ದಿನನಿತ್ಯದ ಕೆಲಸಗಳ ಬಗ್ಗೆ ಕೇಳುವ, ಭಾರತದ ಹಳ್ಳಿಗಳಿಗೆಂದೇ ಮಾಡಿದ 'ಈಸಿ' ಎಂಬ ಪಟ್ಟಿಯೂ ಇದೆ. ಇವನ್ನು ತುಂಬಿಸದೆ ಬರೀ ಅಂಕ ಬರೆದು ಕಳಿಸಿದರೆ, ತುಂಬಿಸಿ ಎಂದು ಕೇಳಿ.

ಹಲವು ಭಾಷೆ ಬಲ್ಲವರು ಇದನ್ನೊಂದು ಗಮನಿಸಿ. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಡಿಮೆನ್ಷಿಯಾ ಇದ್ದ 648 ಮಂದಿಯನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ಪ್ರಕಾರ, ದ್ವಿಭಾಷಿಕರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಅಕ್ಷರ ಬಾರದವರಲ್ಲೂ. ತಡವಾಯಿತೆಂದರೆ ಬರುವುದೇ ಇಲ್ಲ ಎಂದಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. "ಪರೀಕ್ಷೆಯೇ ಸರಿಯಿಲ್ಲ, ಅಮ್ಮ ಚೆನ್ನಾಗೇ ಇದ್ದಾಳೆ" ಎಂದು ಇದನ್ನೇ ನೆಪ ಮಾಡಿಕೊಳ್ಳುವವರೂ ಇದ್ದಾರೆ, "ಅರವತ್ತಕ್ಕೆ ಅರಳು ಮರಳು" ಎಂದು ಕೈಚೆಲ್ಲುವವರ ಹಾಗೆಯೇ. ಗೊತ್ತಿದ್ದ ದಾರಿ ತಪ್ಪುವುದು, ಒಲೆ ಆರಿಸಲು ಮರೆಯುವುದು, ಕೇಳಿದ್ದನ್ನೇ ಹತ್ತು ನಿಮಿಷಕ್ಕೊಮ್ಮೆ ಕೇಳುವುದು, ದುಡ್ಡಿನ ವ್ಯವಹಾರದಲ್ಲಿ ಹೊಸದಾಗಿ ಮೋಸ ಹೋಗುವುದು, ಸಂಕೋಚದ ಸ್ವಭಾವದವರು ಒಮ್ಮೆಲೇ ಬೈಯಲು ಶುರು ಮಾಡುವುದು: ಇವಕ್ಕೆ ಯಾವ ಭಾಷೆಯೂ ಯಾವ ಸಂಸ್ಕೃತಿಯೂ ಕಾರಣವಲ್ಲ. ಇದ್ದಕ್ಕಿದ್ದಂತೆ ಮಾತು ತೊದಲಿದರೆ, ಕೈಕಾಲು ಸೋತರೆ ಮೆಮೊರಿ ಕ್ಲಿನಿಕ್ಕಿಗೆ ಕಾಯದೆ ತುರ್ತು ಚಿಕಿತ್ಸೆಗೆ ಓಡಿ.

ಎಲ್ಲಿಗೆ ಹೋಗುವುದು ಎಂದು ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ನಡೆಸುವ ಬ್ರೇನ್ ಹೆಲ್ತ್ ಕ್ಲಿನಿಕ್ ನಿಮ್ಮ ಜಿಲ್ಲಾಸ್ಪತ್ರೆಯಲ್ಲಿದೆಯೇ ಎಂದೂ ವಿಚಾರಿಸಿ.

6. ಫೋನಿನ ಆ್ಯಪ್‌ಗಳ ವಿಷಯ

ಮಾತು ರೆಕಾರ್ಡ್ ಮಾಡಿ ಡಿಮೆನ್ಷಿಯಾ ಹೇಳುತ್ತೇವೆ ಎನ್ನುವ ತಂತ್ರಾಂಶಗಳು ಬರುತ್ತಿವೆ. ಇವುಗಳ ಹಿಂದಿನ ಸಂಶೋಧನೆಯ ಬಹುಪಾಲು ಇಂಗ್ಲಿಷ್ ಧ್ವನಿಮುದ್ರಿಕೆಗಳ ಮೇಲೆ ನಡೆದದ್ದು. ಅವುಗಳಲ್ಲಿ ಜನ ವರ್ಣಿಸುವುದು ಅಮೆರಿಕದ ಅಡುಗೆಮನೆಯೊಂದರ ಚಿತ್ರ: ಸಿಂಕಿನಿಂದ ನೀರು ಚೆಲ್ಲುತ್ತಿದೆ, ಹುಡುಗ ಸ್ಟೂಲ್ ಹತ್ತಿ ಬಿಸ್ಕತ್ತು ಕದಿಯುತ್ತಿದ್ದಾನೆ. ಅದನ್ನು ವರ್ಣಿಸುವಾಗ ನಾಮಪದ ಕಡಿಮೆಯಾಗಿ ಸರ್ವನಾಮ ಹೆಚ್ಚಾದರೆ ಅನುಮಾನ. ಕನ್ನಡದಲ್ಲಿ "ಹತ್ತಿದಾನೆ, ಕದೀತಿದಾನೆ, ಬೀಳ್ತಾನೆ ನೋಡಿ" ಎಂದರೆ ಕ್ರಿಯಾಪದದಲ್ಲೇ ಯಾರೆಂಬುದು ಅಡಗಿದೆ, ಸರ್ವನಾಮವೇ ಬೇಕಿಲ್ಲ. ಎಣಿಕೆ ಅಲ್ಲಿಗೇ ಹದಗೆಡುತ್ತದೆ. ಕನ್ನಡದ ಹಿರಿಯರ ಮೇಲೆ ಪರೀಕ್ಷಿಸಿದ್ದೇವೆ ಎಂದು ಸ್ಪಷ್ಟವಾಗಿ ಹೇಳದ ಯಾವ ಆ್ಯಪಿನ ಫಲಿತಾಂಶವನ್ನೂ ನಂಬಬೇಡಿ.

7. ಮಕ್ಕಳ ಜೊತೆ ವಿದೇಶದಲ್ಲಿರುವ ಹಿರಿಯರಿಗೆ

ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಆಸ್ಪತ್ರೆಯವರು ದುಭಾಷಿಯನ್ನು ಒದಗಿಸುವ ವ್ಯವಸ್ಥೆ ಇದೆ, ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕೇಳಿ. ಮಗಳೇ ದುಭಾಷಿಯಾದರೆ ತಪ್ಪು ಉತ್ತರವನ್ನು ಅರಿವಿಲ್ಲದೆ ತಿದ್ದಿ ದಾಟಿಸಿಬಿಡುತ್ತಾಳೆ. "ಇಂಡಿಯನ್" ಎಂದು ಕೇಳಿ ಹಿಂದಿ ದುಭಾಷಿಯನ್ನು ಕೊಟ್ಟರೆ ಬೇಡವೆನ್ನಿ. ಪರೀಕ್ಷೆಯ ವಿಷಯದಲ್ಲಿ ರುಡಾಸ್ ಇದೆಯೇ ಎಂದು ವಿಚಾರಿಸಿ. ಸಿಡ್ನಿಯಲ್ಲಿ ವಲಸಿಗ ಹಿರಿಯರಿಗೆಂದು ರೂಪಿಸಿ 2004ರಲ್ಲಿ ಪ್ರಕಟಿಸಿದ್ದು, ದುಭಾಷಿಯ ಮೂಲಕವೇ ಮಾಡಲು ಹೊಂದುವಂತಿದೆ. ಅದರಲ್ಲೂ ನೆನಪಿಡಬೇಕಾದ ದಿನಸಿ ಪಟ್ಟಿಯಲ್ಲಿ ಮೊಟ್ಟೆ ಇದೆ. ಶುದ್ಧ ಸಸ್ಯಾಹಾರಿ ಅಜ್ಜಿ "ನಾನ್ಯಾಕೆ ಅದನ್ನ ತರಲಿ" ಎಂದು ಸಿಡುಕಿದರೆ ದುಭಾಷಿ ಆ ಮಾತನ್ನೂ ಅನುವಾದಿಸಲಿ. ಗದ್ದಲದ ರಸ್ತೆ ದಾಟುವುದು ಹೇಗೆ ಎಂಬ ಪ್ರಶ್ನೆಯೂ ಇದೆ, ಕೆ.ಆರ್. ಮಾರ್ಕೆಟ್ ದಾಟಿ ಬದುಕಿದವರಿಗೆ ಅದರಲ್ಲಿ ಪೂರ್ತಿ ಅಂಕ ಬರಲಿ ಎಂದೇ ನನ್ನ ಆಸೆ.

8. ಮತ್ತೆ ಮಾಡಿಸುವಾಗ

ಅನುಮಾನ ಉಳಿದರೆ ಆರು ತಿಂಗಳಿಂದ ವರ್ಷದೊಳಗೆ ಮತ್ತೊಮ್ಮೆ ನೋಡುತ್ತಾರೆ. ಅದೇ ಪರೀಕ್ಷೆ, ಅದೇ ಭಾಷೆ, ಸಾಧ್ಯವಾದರೆ ದಿನದ ಅದೇ ಹೊತ್ತು ಇರಲಿ. ಬೆಂಗಳೂರಿನಲ್ಲಿ ಕನ್ನಡದ 23 ಮತ್ತು ನ್ಯೂಜೆರ್ಸಿಯಲ್ಲಿ ಇಂಗ್ಲಿಷಿನ 19 ಪಕ್ಕಪಕ್ಕ ಇಟ್ಟು ನಾಲ್ಕು ಅಂಕ ಕುಸಿಯಿತು ಎನ್ನುವುದರಲ್ಲಿ ಅರ್ಥವಿಲ್ಲ. ಅದಕ್ಕೇ ಮೊದಲ ಸಲವೇ ಒಟ್ಟು ಅಂಕದ ಜೊತೆ ಪ್ರತಿ ಪ್ರಶ್ನೆಯ ಅಂಕ, ಪರೀಕ್ಷೆಯ ಹೆಸರು, ಆವೃತ್ತಿ, ಭಾಷೆ ಇರುವ ಪ್ರತಿಯನ್ನು ಕೇಳಿ ಪಡೆದು, ನೀವು ಬರೆದ ಆ ಹಾಳೆಯ ಜೊತೆ ಫೈಲಿನಲ್ಲಿಡಿ.